ಸಯಾ ಮ್ಯ ಮಾಂಗರ ನಡುಗುವ ಪರದೆ

ದೀಪದ ಹಬ್ಬ ಕಳೆದ ಮಾರನೆಯ ವಾರ ಸಯಾ ಮ್ಯ ಮಾಂಗರ ಕಂಪ್ಯೂಟರಿಗೆ ಚಳಿಜ್ವರ ಹಿಡಿಯಿತು. ಮೌಲ್ಮೇನಿನ ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ ಹೇಳಿದ್ದು. ಪರದೆಯ ಮೇಲಿನ ಅಕ್ಷರಗಳು ಇದ್ದಕ್ಕಿದ್ದಂತೆ ಗಡಗಡ ನಡುಗುತ್ತಿದ್ದವು. ನೆಟ್ಟಗಿದ್ದ ಗೆರೆ ಹಾವಿನ ಹಾಗೆ ಹೊರಳುತ್ತಿತ್ತು. ಪ್ರತಿ ಅಕ್ಷರದ ಪಕ್ಕದಲ್ಲೂ ಅದರದೇ ತೆಳು ನೆರಳೊಂದು ಬಂದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಎಲ್ಲ ತಣ್ಣಗಾಗುತ್ತಿತ್ತು.

ಸಯಾ ಅಂದರೆ ಮೇಷ್ಟ್ರು. ಜೀವಮಾನವೆಲ್ಲ ಮಕ್ಕಳಿಗೆ ಅಕ್ಷರ ತಿದ್ದಿಸಿದ ಮ್ಯ ಮಾಂಗರಿಗೆ ನಿವೃತ್ತಿಯಾದ ಮೇಲೂ ಆ ಹೆಸರು ಬಿಡಲಿಲ್ಲ, ಆ ಚಟವೂ ಬಿಡಲಿಲ್ಲ. ಈಗ ಅವರದು ಕಲ್ಲಿಗೆ ಅಕ್ಷರ ಬರೆಯುವ ಕೆಲಸ. ಭಿಕ್ಷುಗಳ ವಿಹಾರಕ್ಕೆ ಕಂಬ ಕೊಟ್ಟವರು, ಬಾವಿ ತೋಡಿಸಿದವರು, ಪಗೋಡದ ಮೆಟ್ಟಿಲಿಗೆ ಎರಡು ಮೂಟೆ ಸಿಮೆಂಟು ಕೊಟ್ಟವರು, ಎಲ್ಲರ ಹೆಸರೂ ಅಮೃತಶಿಲೆಯ ಮೇಲೆ ಬರಲೇಬೇಕು ನಮ್ಮಲ್ಲಿ. ಸಯಾ ಕಂಪ್ಯೂಟರಿನಲ್ಲಿ ಹೆಸರು ಜೋಡಿಸಿ ದೊಡ್ಡ ಹಾಳೆಯಲ್ಲಿ ಅಚ್ಚು ತೆಗೆದುಕೊಟ್ಟರೆ ಕಲ್ಲುಕುಟಿಗ ಅದನ್ನು ಕಲ್ಲಿಗೆ ಅಂಟಿಸಿ ಉಳಿಯಿಂದ ಕೊರೆಯುತ್ತಾನೆ. ನಮ್ಮ ಬರ್ಮೀ ಅಕ್ಷರಗಳೋ, ಎಲ್ಲ ದುಂಡು ದುಂಡು. ದುಂಡಿನ ಬಾಯಿ ಮೇಲೆ ತೆರೆದಿದ್ದರೆ ಒಂದು, ಕೆಳಗೆ ತೆರೆದಿದ್ದರೆ ಇನ್ನೊಂದು, ಪೂರ್ತಿ ಮುಚ್ಚಿದ್ದರೆ ಮತ್ತೊಂದು. ಕಾಗದದಲ್ಲಾದರೆ ಅಳಿಸಿ ಬರೆಯಬಹುದು. ಕಲ್ಲಿನಲ್ಲಿ ತಪ್ಪಿದರೆ ದಾನ ಕೊಟ್ಟವನ ಮೊಮ್ಮಕ್ಕಳು ಕೂಡ ಬಂದು ಬೈದು ಹೋಗುತ್ತಾರೆ.

ಆ ಕಂಪ್ಯೂಟರಿನ ವಯಸ್ಸು ಕೇಳಬಾರದು. ಮಾನಿಟರಿನ ಬಿಳಿ ಬಣ್ಣ ಹಳದಿಗೆ ತಿರುಗಿ ಎಷ್ಟೋ ಕಾಲವಾಗಿತ್ತು, ಕೀಲಿಮಣೆಯ ಮೇಲಿನ ಅಕ್ಷರಗಳೆಲ್ಲ ಸವೆದು ಬೋಳಾಗಿದ್ದವು. ಆದರೂ ಸಯಾ ಅದನ್ನು ಬಿಡುವವರಲ್ಲ. ಕಲ್ಲಿಗೆಂದೇ ತಾವು ಕೂತು ಒಂದೊಂದಾಗಿ ಬಿಡಿಸಿದ ಅಕ್ಷರಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು, ಹೊಸ ಕಂಪ್ಯೂಟರಿಗೆ ಹಾಕಿದರೆ ಅವು ಜಪ್ಪಯ್ಯ ಅಂದರೂ ತೆರೆಯುತ್ತಿರಲಿಲ್ಲ. ಹೆಂಡತಿ ನಿಲಾ ಅದನ್ನು ಕರೆಯುತ್ತಿದ್ದದ್ದೇ "ನಿಮ್ಮ ಮುದುಕಿ" ಎಂದು. "ನಾನೊಬ್ಬಳು ಮುದುಕಿ ಸಾಲದು ಅಂತ ಇವಳನ್ನ ಬೇರೆ ಕಟ್ಟಿಕೊಂಡ್ರಿ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು.

ಈ ಮುದುಕಿ ಇದ್ದ ಜಾಗದ ಬಗ್ಗೆ ಹೇಳಬೇಕು. ಎಲ್ಲರ ಮನೆಯಲ್ಲಿ ಸಿಪಿಯು ಡಬ್ಬಿ ಮೇಜಿನ ಕೆಳಗೆ, ಕಾಲ ಹತ್ತಿರ ಇರುತ್ತದಲ್ಲವೆ? ಸಯಾ ಕೂಡ ಮೊದಲು ಹಾಗೇ ಇಟ್ಟಿದ್ದರು. ನಿಲಾ ಅದನ್ನು ನೋಡಿದ್ದೇ ಸೊಂಟಕ್ಕೆ ಕೈಯಿಟ್ಟು ನಿಂತುಬಿಟ್ಟರು. "ಅದರೊಳಗೆ ಏನೇನಿದೆ?" ಎಂದು ಕೇಳಿದರು. "ಹೆಸರುಗಳಿವೆ, ವಿಹಾರದವರು ಕೊಟ್ಟ ಬುದ್ಧನ ಉಪದೇಶದ ಸುತ್ತಗಳಿವೆ, ಪಗೋಡದ ಚಿತ್ರಗಳಿವೆ" ಎಂದರು ಸಯಾ, ಪಾಪ, ಮುಂದಾಗುವುದು ಗೊತ್ತಿಲ್ಲದೆ. "ಬುದ್ಧನ ಮಾತನ್ನ ಕಾಲ ಕೆಳಗೆ ಇಟ್ಕೊಂಡು ಅದರ ಮೇಲೆ ಪಾದ ಆಡಿಸ್ತಾ ಕೂತಿದ್ದೀರಾ? ಮಕ್ಕಳಿಗೆ ಪುಸ್ತಕ ತುಳೀಬೇಡಿ ಅಂತ ಕಿವಿ ಹಿಂಡಿದೋರು ನೀವೇ ತಾನೆ?" ಎಂದರು ನಿಲಾ. ಅಲ್ಲಿಗೆ ಮಾತು ಮುಗಿಯಿತು. ಡಬ್ಬಿ ಮೇಲಕ್ಕೆ ಹೋಯಿತು. ಪೂರ್ವದ ಗೋಡೆಯಲ್ಲಿ ಬುದ್ಧನ ಪೀಠ, ಅದರ ಪಕ್ಕದಲ್ಲಿ ಒಂದು ಗೇಣು ಕೆಳಗೆ ಹಲಗೆ ಹೊಡೆದು ಅದರ ಮೇಲೆ ಡಬ್ಬಿ. ಮಾನಿಟರು ಮಾತ್ರ ಎದುರಿನ ಕಿಟಕಿಯ ಬಳಿ ಮೇಜಿನ ಮೇಲೆ ಉಳಿಯಿತು. ಎರಡರ ನಡುವೆ ಪೇಟೆಯಲ್ಲೆಲ್ಲ ಹುಡುಕಿ ತಂದ ನಾಲ್ಕೈದು ಮಾರುದ್ದದ ಕೇಬಲ್ಲು ಗೋಡೆ ಹಿಡಿದು ಹರಿಯುತ್ತಿತ್ತು.

ಹೀಗೇ ವರ್ಷಗಳು ಕಳೆದಿದ್ದವು, ಒಂದು ತಕರಾರೂ ಇರಲಿಲ್ಲ. ಈಗ ಈ ನಡುಕ ಶುರುವಾಗಿತ್ತು.

ಸಯಾ ಎಲ್ಲರೆದುರು "ಮಿಷನ್ ಕೆಟ್ಟಿದೆ" ಎನ್ನುತ್ತಿದ್ದರು. ಒಳಗೊಳಗೆ ಅವರಿಗೆ ಬೇರೆಯದೇ ಭಯ. ಅವರ ತಾಯಿ ಕೊನೆಯ ಕಾಲದಲ್ಲಿ ಕುರುಡಾಗಿದ್ದರು. ಅದು ಶುರುವಾದದ್ದು ಹೀಗೇ. ಒಂದು ದಿನ ಆಕೆ ಅನ್ನ ಬಸಿಯುತ್ತಿದ್ದವರು ತಲೆಯೆತ್ತಿ, "ಮಗಾ, ಬಾಗಿಲ ಚೌಕಟ್ಟು ಯಾಕೋ ಅಲೆ ಅಲೆಯಾಗಿ ಕಾಣ್ತಿದೆಯಲ್ಲೋ" ಎಂದಿದ್ದರು. ಆಮೇಲೆ ಗೆರೆಗಳೆಲ್ಲ ಬಾಗಿದವು, ನಂತರ ನಡುವೆ ಒಂದು ಮಬ್ಬು ಬಂದು ಕೂತಿತು, ಕೊನೆಗೆ ಮಗನ ಮುಖವನ್ನು ಕೈಯಿಂದ ಸವರಿ ಗುರುತಿಸುವ ಹಾಗಾಯಿತು. ಎಷ್ಟೋ ವರ್ಷ ಆಕೆಯ ತಲೆ ಬಾಚಿದವರು, ಕೈಹಿಡಿದು ಬಚ್ಚಲಿಗೆ ಕರೆದೊಯ್ದವರು ಸಯಾ. ಈಗ ಪರದೆಯ ಗೆರೆ ಬಾಗಿದಾಗಲೆಲ್ಲ ತಾಯಿಯ ಆ ಮಾತು ಕಿವಿಯಲ್ಲಿ ಕೇಳುತ್ತಿತ್ತು.

ತಮಗೆ ತಾವೇ ಪರೀಕ್ಷೆ ಮಾಡಿಕೊಳ್ಳಲು ಹೊರಟರು. ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿದರು. ಸರಾಗವಾಗಿ ಬಂತು. ಆದರೆ ಆ ಕ್ಯಾಲೆಂಡರ್ ಅವರಿಗೆ ಬಾಯಿಪಾಠವಾಗಿತ್ತು, ಅದನ್ನು ಓದಿ ಏನು ಸುಖ? ತಾಯಿಯ ಹಾಗೆ ಬಾಗಿಲ ಚೌಕಟ್ಟು ನೋಡಿದರು. ಅವರ ಮನೆಯ ಚೌಕಟ್ಟು ಹುಟ್ಟಿದಾಗಿನಿಂದಲೇ ಸೊಟ್ಟ. ಅದು ಚೌಕಟ್ಟಿನ ಸೊಟ್ಟವೋ ಕಣ್ಣಿನ ಸೊಟ್ಟವೋ ಯಾರು ಹೇಳಬೇಕು! ಜಗುಲಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಎದುರು ಮನೆಯ ಬೇಲಿ ನೋಡಿದರು. ಆ ಮನೆಯ ವಿಧವೆ ಅದನ್ನು ಬೇರೆ ರೀತಿ ತಿಳಿದುಕೊಂಡು ದಡಾರನೆ ಕಿಟಕಿ ಮುಚ್ಚಿದಳು. ಅಲ್ಲಿಗೆ ಆ ಪರೀಕ್ಷೆಯೂ ನಿಂತಿತು. ಡಾಕ್ಟರ ಹತ್ತಿರ ಹೋಗಬಹುದಿತ್ತು, ನಿಜ. ಡಾಕ್ಟರು "ಹೌದು" ಎಂದುಬಿಟ್ಟರೆ ಎಂದು ಹೋಗಲಿಲ್ಲ. ಇಷ್ಟು ಓದಿದವರು ಹೀಗೆ ಮಾಡುತ್ತಾರೆಯೇ ಎಂದು ಕೇಳಬೇಡಿ. ಓದಿದವರೇ ಹೀಗೆ ಮಾಡುವುದು.

"ಕಣ್ಣಿಗೇನಾದ್ರೂ ಆಗಿದೆಯಾ?" ಎಂದು ನಿಲಾ ಒಂದು ಸಲ ಕೇಳಿದ್ದರು, ತರಕಾರಿ ಹೆಚ್ಚುತ್ತಾ, ತಲೆಯೆತ್ತದೆ.

"ನನ್ನ ಕಣ್ಣಿಗೇನು ಧಾಡಿ? ಮಿಷನ್ ಕೆಟ್ಟಿದೆ ಅಂತ ಹೇಳಲಿಲ್ವಾ?" ಎಂದು ಸಯಾ ಹರಿಹಾಯ್ದರು.

"ಸರಿ ಬಿಡಿ, ಕೇಳಿದ್ದೇ ತಪ್ಪಾಯ್ತು" ಎಂದರು ನಿಲಾ. ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಅಂದಿನಿಂದ ಒಂದು ಹೊಸ ಅಭ್ಯಾಸ ಮಾಡಿಕೊಂಡರು. ಸಯಾ ಕೆಲಸಕ್ಕೆ ಕೂತರೆ ಸಾಕು, ಆಕೆ ಕೈಕಾಲು ತೊಳೆದು ಬಂದು ಪೀಠದ ಮುಂದೆ ಮಂಡಿಯೂರಿ ಕೂರುತ್ತಿದ್ದರು. ಬುದ್ಧನ ಹಿಂದಿನ ಪ್ರಭಾವಳಿಯನ್ನು ಹಚ್ಚಿ ಪಿಸುಪಿಸು ಪಠಿಸುತ್ತಿದ್ದರು. ಆ ಪ್ರಭಾವಳಿ ಹೊಸದು, ಹಬ್ಬಕ್ಕೆ ಸಯಾಗೆ ನಮಸ್ಕಾರ ಮಾಡಲು ಬಂದ ಹಳೆಯ ಶಿಷ್ಯನೊಬ್ಬ ತಂದುಕೊಟ್ಟದ್ದು. ಮೊದಮೊದಲು ನಿಲಾ ಅದನ್ನು ಪೂಜೆಯ ಹೊತ್ತಿಗಷ್ಟೇ ಹಚ್ಚುತ್ತಿದ್ದರು. ಗುಂಡಿ ಒತ್ತಿದರೆ ಕೆಂಪು, ಹಸಿರು, ನೀಲಿ ಎಂದು ಚಕ್ರದ ಹಾಗೆ ಸುತ್ತುವ ಪುಟ್ಟ ಪುಟ್ಟ ದೀಪಗಳು. ಅದು ಬಂದಾಗಿನಿಂದ ನಿಲಾಗೆ ಭಕ್ತಿ ಒಂದು ಕೈ ಹೆಚ್ಚಾಗಿದೆ ಎಂದುಕೊಂಡು ಸಯಾ ಸುಮ್ಮನಾದರು.

ರಿಪೇರಿಗೆ ಬಂದವನು ಝೇಯಾ. ಪೇಟೆಯ ಮೂಲೆಯಲ್ಲಿ ಫೋನು, ಕಂಪ್ಯೂಟರು ಸರಿಮಾಡುವ ಅಂಗಡಿ ಅವನದು. ಸಯಾರ ಕೈಯಲ್ಲೇ ಕಲಿತವನು, ಈಗ ಅವನಿಗೇ ಬೊಜ್ಜು ಬಂದಿದೆ, ಆದರೂ ಸಯಾ ಎದುರು ಕುರ್ಚಿಯಲ್ಲಿ ಕೂರಲು ಒಪ್ಪುವುದಿಲ್ಲ.

"ಏನೋ ಝೇಯಾ, ಈಗಲಾದ್ರೂ ಅಕ್ಷರ ದುಂಡಗೆ ಬರುತ್ತೇನೋ?" ಎಂದರು ಸಯಾ.

"ಅದಕ್ಕೇ ಅಲ್ವಾ ಸಯಾ ನಾನು ಬರೆಯೋ ಕೆಲಸ ಬಿಟ್ಟು ಸ್ಕ್ರೂ ತಿರುಗಿಸೋ ಕೆಲಸ ಹಿಡಿದಿದ್ದು" ಎಂದ ಝೇಯಾ, ಹಲ್ಲು ಬಿಟ್ಟು.

ಅವನು ಹಲಗೆಯ ಮೇಲಿನ ಡಬ್ಬಿ ಇಳಿಸಲು ಸ್ಟೂಲು ಹತ್ತುವಾಗ ನಿಲಾ ಓಡಿಬಂದು ಪ್ರಭಾವಳಿಯ ಗುಂಡಿ ಆರಿಸಿದರು. "ಅಲ್ಲೆಲ್ಲ ವೈರಿದೆ ಮಗಾ, ಶಾಕ್ ಗೀಕ್ ಹೊಡೆದೀತು. ಪಾದ ತೊಳೆದಿದ್ದೀಯಲ್ಲ?"

"ತೊಳೆದಿದ್ದೀನಿ ದೊಡ್ಡಮ್ಮ."

ಡಬ್ಬಿಯನ್ನು ಮೇಜಿನ ಮೇಲಿಟ್ಟು, ಬಿಚ್ಚಿ, ಒಳಗಿನ ಧೂಳನ್ನು ಬ್ರಷ್ಷಿನಲ್ಲಿ ಗುಡಿಸಿದ. ಒಂದು ಸತ್ತ ಹಲ್ಲಿ ಸಿಕ್ಕಿತು. "ಇದೇ ನೋಡಿ ಸಯಾ ಕಳ್ಳ" ಎಂದು ಬಾಲ ಹಿಡಿದೆತ್ತಿ ತೋರಿಸಿದ. ರ್‍ಯಾಮನ್ನು ಕಿತ್ತು ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದ. ಗ್ರಾಫಿಕ್ಸ್ ಕಾರ್ಡಿಗೂ ಅದೇ ಉಪಚಾರ. ತಾನು ತಂದಿದ್ದ ಮೊಳದುದ್ದದ ಕೇಬಲ್ಲನ್ನೇ ಸಿಕ್ಕಿಸಿ ಚಾಲೂ ಮಾಡಿದ. ಅಕ್ಷರಗಳು ಬಂಡೆ ಹಾಗೆ ನಿಂತವು. ಡಬ್ಬಿಯನ್ನು ಮತ್ತೆ ಮೇಲೇರಿಸಿ ಹಳೆಯ ಕೇಬಲ್ ಹಾಕಿದ. ಆಗಲೂ ಹಾಗೇ ನಿಂತವು. ಸಯಾ ಖುಷಿಯಿಂದ ಅವನಿಗೆ ಚಹಾ, ಎಣ್ಣೆಯಲ್ಲಿ ಕರಿದ ಸೋರೆಕಾಯಿ ತಿನ್ನಿಸಿ ಕಳಿಸಿದರು.

ಅವನು ಬೀದಿ ತಿರುವು ದಾಟಿರಲಿಕ್ಕಿಲ್ಲ. ಸಯಾ ಕೆಲಸಕ್ಕೆ ಕೂತರು, ನಿಲಾ ಪ್ರಾರ್ಥನೆಗೆ ಕೂತರು, ಅಕ್ಷರಗಳು ನಡುಗಿದವು.

ಝೇಯಾ ಮತ್ತೆ ಬಂದ. ಅವನು ಬಂದರೆ ನಡುಕವಿಲ್ಲ. ಬೇರೆ ಮಾನಿಟರ್ ತಂದು ಹಾಕಿ ನೋಡಿದ. ಅದೂ ಅವನಿದ್ದಾಗ ಸಾಧು, ಅವನು ಹೋದಮೇಲೆ ಪುಂಡ. ಪರದೆ ಸೆಕೆಂಡಿಗೆ ಎಷ್ಟು ಸಲ ಮಿನುಗಬೇಕೆಂಬುದನ್ನೇ ಬದಲಿಸಿ ನೋಡಿದ. ಪಕ್ಕದಲ್ಲಿದ್ದ ಸ್ಪೀಕರನ್ನು ದೂರ ಇಟ್ಟ. ಕೊನೆಗೆ ಇಡೀ ಡಬ್ಬಿಯನ್ನು ಅಂಗಡಿಗೇ ಹೊತ್ತುಕೊಂಡು ಹೋಗಿ, ಕೆಲವು ದಿನ ಬೆಳಗಿನಿಂದ ಸಂಜೆವರೆಗೆ ಉರಿಸಿಟ್ಟ. ಆ ದಿನಗಳಲ್ಲಿ ಸಯಾ ಖಾಲಿ ಮೇಜಿನ ಮುಂದೆ ಕೂತು ಅದರ ಮೇಲೆ ಬೆರಳಲ್ಲೇ ಅಕ್ಷರ ಬರೆಯುವುದನ್ನು ನಿಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದರು.

ಡಬ್ಬಿ ವಾಪಸು ತಂದ ದಿನ ಝೇಯಾ ತಲೆ ಕೆರೆದುಕೊಂಡ. "ಸಯಾ, ಗುಂಡುಕಲ್ಲಿನ ಹಾಗಿದೆ. ನನ್ನ ಅಂಗಡೀಲಿ ಒಂದು ಸಲನೂ ಅಲುಗಾಡಲಿಲ್ಲ."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಾ?"

"ಅಯ್ಯೋ, ಹಾಗೆಂದೆನಾ ಸಯಾ?" ಅವನು ನಿಲಾ ಕಡೆ ಒಮ್ಮೆ ನೋಡಿ ತಮಾಷೆಗೆ ತಿರುಗಿಸಿದ. "ನೀವು ಗುರುವಾರ ಹುಟ್ಟಿದ ಇಲಿ, ದೊಡ್ಡಮ್ಮ ಶನಿವಾರ ಹುಟ್ಟಿದ ನಾಗ. ನಾಗನ ಮನೇಲಿ ಇಲಿ ಕೆಲಸ ಮಾಡಿದ್ರೆ ನಡುಗದೆ ಇನ್ನೇನಾಗುತ್ತೆ?"

ನಮ್ಮಲ್ಲಿ ಹುಟ್ಟಿದ ವಾರಕ್ಕೊಂದು ಪ್ರಾಣಿ. ಮದುವೆಯಾಗುವಾಗ ಇಡೀ ಬೀದಿಯೇ ಹೇಳಿದ್ದ ಮಾತು ಅದು. ಇಲಿಗೂ ನಾಗನಿಗೂ ಆಗಿಬರುವುದಿಲ್ಲ, ವರ್ಷದೊಳಗೆ ಒಬ್ಬರು ಇನ್ನೊಬ್ಬರನ್ನು ನುಂಗುತ್ತಾರೆ ಎಂದು ಜೋಯಿಸರು ಬೇರೆ ಹೆದರಿಸಿದ್ದರು. ಎಂದಿನಂತಾಗಿದ್ದರೆ ಸಯಾ, "ಈ ಇಲಿ ಎಷ್ಟು ವರ್ಷದಿಂದ ಜೀವ ಉಳಿಸಿಕೊಂಡಿದೆ ನೋಡೋ" ಎಂದು ನಗುತ್ತಿದ್ದರು. ಅಂದು ನಗಲಿಲ್ಲ. ನಿಲಾ ಕೂಡ ನಗಲಿಲ್ಲ. ಝೇಯಾ ತುಟಿ ಕಚ್ಚಿಕೊಂಡ. ಹೊರಡುವಾಗ ಜಗುಲಿಯಲ್ಲಿ ಸಯಾ ಒಬ್ಬರೇ ಇದ್ದಾಗ ದನಿ ತಗ್ಗಿಸಿ ಹೇಳಿದ. "ಸಯಾ, ತಪ್ಪು ತಿಳ್ಕೋಬೇಡಿ. ಒಂದ್ಸಲ ಕಣ್ಣು ತೋರಿಸ್ಕೊಂಡು ಬಂದ್ಬಿಡಿ. ನಾನೇ ಗಾಡೀಲಿ ಕರ್ಕೊಂಡು ಹೋಗ್ತೀನಿ."

ಸಯಾ ಒಳಗೆ ಬಂದು ಚಾಪೆಯ ಮೇಲೆ ಗೋಡೆಗೆ ಮುಖಮಾಡಿ ಮಲಗಿದರು. ಆ ಸಂಜೆ ಊಟಕ್ಕೆ ಮೀನಿನ ಸಾರು ಇತ್ತು. ಮುಳ್ಳು ಕಾಣದೆ ಹೋದೀತೆಂದು ಪ್ರತಿ ತುತ್ತನ್ನೂ ಬೆರಳಿನಿಂದ ಹಿಚುಕಿ ಹಿಚುಕಿ ನೋಡಿದರು. ಕಣ್ಣು ಚೆನ್ನಾಗಿಯೇ ಇದ್ದವರು ಭಯಕ್ಕೆ ಬಿದ್ದು ಕುರುಡರ ಹಾಗೆ ಉಂಡರು. ನಿಲಾ ತಮ್ಮ ತಟ್ಟೆಯಲ್ಲಿ ಅನ್ನವನ್ನು ಅತ್ತಿಂದಿತ್ತ ಆಡಿಸುತ್ತಿದ್ದರು.

ಈಗ ಕೈಯಲ್ಲಿದ್ದ ಕೆಲಸ ಸಣ್ಣದಲ್ಲ. ಗುಡ್ಡದ ಮೇಲಿನ ಪಗೋಡದಲ್ಲಿ ಯಾತ್ರಿಕರಿಗೆಂದು ಹೊಸ ಛತ್ರ ಕಟ್ಟಿದ್ದರು. ಅದರ ಗೋಡೆಗೆ ಆಳೆತ್ತರದ ಕಲ್ಲು. ಮುಂದಿನ ಹುಣ್ಣಿಮೆಗೆ ನಿಲ್ಲಿಸಬೇಕು. ಊರಿನ ಅರ್ಧ ಜನರ ಹೆಸರು ಅದರಲ್ಲಿ ಬರಬೇಕು, ಉಪ್ಪಿನ ವ್ಯಾಪಾರಿಯಿಂದ ಹಿಡಿದು ಹೂ ಮಾರುವವಳ ತನಕ. ಸಯಾ ಯಾವ ಹೆಸರನ್ನು ಜೋಡಿಸಿದರೂ ಮತ್ತೆ ಮತ್ತೆ ನೋಡುತ್ತಿದ್ದರು. ಇದರ ಬಾಯಿ ತೆರೆದಿದೆಯೋ ಮುಚ್ಚಿದೆಯೋ? ನಡುಕ ನಿಂತಾಗ ನೋಡಿದರೆ ಸರಿಯಿದ್ದ ಹಾಗಿತ್ತು. ಆದರೆ ನಡುಕ ನಿಂತಿತೋ, ತಮ್ಮ ಕಣ್ಣು ನಿಂತಿತೋ? ತನ್ನ ಕಣ್ಣನ್ನೇ ನಂಬದವನು ಇನ್ನೊಬ್ಬರ ಹೆಸರನ್ನು ಕಲ್ಲಿಗೆ ಹೇಗೆ ಬರೆದಾನು?

ಊರವರೆಲ್ಲ ವಿಹಾರಕ್ಕೆ ಹೋಗಿ ವ್ರತ ಹಿಡಿಯುವ ಶೀಲದ ದಿನ ಬೆಳಿಗ್ಗೆ ಸಯಾ ಒಂದು ತೀರ್ಮಾನಕ್ಕೆ ಬಂದರು. ಕೆಲಸ ವಾಪಸು ಕೊಟ್ಟುಬಿಡುವುದು. ಪೇಟೆಯ ಟೈಪಿಂಗ್ ಅಂಗಡಿಯವರು ತಮ್ಮ ಅಂಗಡಿಯ ಅಕ್ಷರದಲ್ಲೇ ಮಾಡಿಕೊಡಲಿ. ಡಬ್ಬಿಯನ್ನು ಝೇಯಾ ಬಿಚ್ಚಿ ಬಿಡಿಭಾಗಕ್ಕೆ ಇಟ್ಟುಕೊಳ್ಳಲಿ. ಮಧ್ಯಾಹ್ನ ವಿಹಾರಕ್ಕೆ ಹೋಗಿ ದೊಡ್ಡ ಭಿಕ್ಷುಗಳ ಮುಂದೆ ತಲೆಬಾಗಿ "ನನ್ನಿಂದ ಇನ್ನು ಆಗುವುದಿಲ್ಲ" ಎಂದು ಹೇಳುವುದು. ಆ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡರು.

ನಿಲಾ ಬೆಳಗಿನ ಅಡುಗೆಯನ್ನು ವಿಹಾರಕ್ಕೆ ಒಯ್ದಿದ್ದರು. ಹೋಗುವ ಮುನ್ನ ಪ್ರಭಾವಳಿ ಹಚ್ಚಿ, "ಇದನ್ನ ಆರಿಸಬೇಡಿ, ನಾನು ಬೇಗ ಬಂದ್ಬಿಡ್ತೀನಿ" ಎಂದು ಎರಡು ಸಲ ಹೇಳಿ ಹೋಗಿದ್ದರು. ಸಯಾ ಕೊನೆಯದಾಗಿ ಒಂದು ಸಲ ಎಂದು ಕಂಪ್ಯೂಟರ್ ಹಾಕಿದರು, ಛತ್ರದ ಹೆಸರುಗಳನ್ನು ತೆರೆದರು. ಅಕ್ಷರಗಳು ಎಂದಿಗಿಂತ ಹೆಚ್ಚು ನಡುಗುತ್ತಿದ್ದವು. "ಆಯ್ತಮ್ಮ ಮುದುಕಿ, ನಿನಗೂ ಸಾಕಾಗಿದೆ, ನನಗೂ ಸಾಕಾಗಿದೆ" ಎಂದು ಮಾನಿಟರಿನ ತಲೆ ಸವರಿ, ಅದನ್ನು ಆರಿಸುವುದನ್ನೂ ಮರೆತು ಎದ್ದರು.

ಪಾದ ತೊಳೆದು ಬಂದರು. ಪೀಠದ ಮುಂದೆ ಮೂರು ಸಲ ನಮಸ್ಕಾರ ಮಾಡಿದರು. ಸ್ಟೂಲು ಹಾಕಿಕೊಂಡು ಹತ್ತಿದರು. ಝೇಯಾ ಪ್ರತಿಸಲ ಕೇಬಲ್ಲಿನ ತುದಿಯನ್ನಷ್ಟೇ ಕಿತ್ತಿದ್ದ, ಇವರು ಅದನ್ನು ಗೋಡೆಯಿಂದಲೇ ಬಿಡಿಸೋಣವೆಂದು ಡಬ್ಬಿಯ ಹಿಂದಕ್ಕೆ ಕೈಹಾಕಿ ಎಳೆದರೆ ಅದು ಬರಲಿಲ್ಲ. ಇಣುಕಿ ನೋಡಿದರು. ಡಬ್ಬಿಯ ಕೇಬಲ್ಲು ಪೀಠದ ಹಿಂದುಗಡೆ ಹಾದುಹೋಗುವ ಕಡೆಯಲ್ಲಿ, ಅದನ್ನೂ ಪ್ರಭಾವಳಿಯ ವೈರನ್ನೂ ಸೇರಿಸಿ, ಹಳದಿ ರಿಬ್ಬನ್ನಿನಿಂದ ಮಗುವಿನ ಜಡೆಯ ಹಾಗೆ ಹೆಣೆದು ಕಟ್ಟಿತ್ತು. ಕೊನೆಯಲ್ಲಿ ಒಂದು ಹೂವಿನ ಗಂಟು ಬೇರೆ. ಹಬ್ಬಕ್ಕೆ ಪೀಠ ಒರೆಸುವಾಗ ನಿಲಾ ಮಾಡಿದ ಅಚ್ಚುಕಟ್ಟು. ಬುದ್ಧನ ಬೆನ್ನ ಹಿಂದೆ ವೈರುಗಳು ಕರುಳಿನ ಹಾಗೆ ಜೋತಾಡಬಾರದಲ್ಲ!

ಗಂಟು ಬಿಚ್ಚಬೇಕಾದರೆ ವೈರಿಗೆ ಕೈ ತಾಕುತ್ತದೆ. ಶಾಕ್ ಹೊಡೆದೀತು ಎಂದು ಸಯಾ ಪ್ರಭಾವಳಿಯ ಗುಂಡಿ ಆರಿಸಿದರು. ಸ್ಟೂಲಿನ ಮೇಲೆ ಆಯ ತಪ್ಪದಿರಲೆಂದು ಒಂದು ಕೈಯಿಂದ ಗೋಡೆ ಹಿಡಿದು, ಕಾಲಿಟ್ಟ ಜಾಗ ನೋಡಲು ಹಿಂದೆ ತಿರುಗಿದರು. ಆಗ ಕಣ್ಣು ಎದುರಿನ ಮೇಜಿನ ಮೇಲೆ ಬಿತ್ತು.

ಪರದೆ ನಿಶ್ಚಲವಾಗಿತ್ತು.

ಸಯಾ ಅಲ್ಲೇ ನಿಂತರು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ, ಸ್ಟೂಲಿನ ಮೇಲಿನಿಂದ, ಹೆಸರುಗಳನ್ನು ಓದತೊಡಗಿದರು. ಉಪ್ಪಿನ ವ್ಯಾಪಾರಿಯ ಹೆಸರು. ಅವನ ಅತ್ತೆಯ ಹೆಸರು. ದೋಣಿ ಕಟ್ಟುವವರ ಮನೆಯವರು. ಹೂ ಮಾರುವವಳು, ಅವಳ ತೀರಿಕೊಂಡ ಗಂಡ. ಎಲ್ಲ ದುಂಡುಗಳೂ ಬಾಯಿ ತೆರೆಯಬೇಕಾದಲ್ಲಿ ತೆರೆದಿದ್ದವು, ಮುಚ್ಚಬೇಕಾದಲ್ಲಿ ಮುಚ್ಚಿದ್ದವು. ಇಷ್ಟು ದೂರದಿಂದ ಝೇಯಾಗೂ ಓದಲು ಆಗುತ್ತಿರಲಿಲ್ಲ. ಸಯಾ ಮತ್ತೆ ಪ್ರಭಾವಳಿ ಹಚ್ಚಿದರು. ಅಲ್ಲಿ ಅಕ್ಷರಗಳು ಕುಣಿದವು. ಆರಿಸಿದರು. ನಿಂತವು. ಹಚ್ಚಿದರು, ಕುಣಿದವು. ಆರಿಸಿದರು.

"ಅಯ್ಯಯ್ಯೋ! ಯಾರು ಆರಿಸಿದ್ದು ಅದನ್ನ?"

ನಿಲಾ ಖಾಲಿ ಬುತ್ತಿಯ ಪಾತ್ರೆಯನ್ನು ಬಾಗಿಲಲ್ಲೇ ಕುಕ್ಕಿ ಓಡಿಬಂದರು. ಗಂಡ ಸ್ಟೂಲಿನ ಮೇಲೆ ನಿಂತಿರುವುದೂ, ನಗುತ್ತಿರುವುದೂ ಅಳುತ್ತಿರುವುದೂ ಯಾವುದೂ ಆಕೆಗೆ ಕಾಣಿಸಲಿಲ್ಲ. "ಹಾಕಿ, ಮೊದಲು ಹಾಕಿ! ನೀವು ಕೆಲಸಕ್ಕೆ ಕೂತಾಗ ಅದು ಆರಬಾರದು ಅಂದಿರಲಿಲ್ವಾ?" ಎಂದು ಕೈಚಾಚಿ ಗುಂಡಿ ಒತ್ತಿದರು.

"ಆ ಕಡೆ ನೋಡು ನಿಲಾ. ಪರದೆ ನೋಡು."

"ನನಗ್ಯಾಕೆ ನಿಮ್ಮ ಪರದೆ?"

"ನೋಡೇ ಮಾರಾಯ್ತಿ!" ಸಯಾ ಗುಂಡಿ ಆರಿಸಿದರು. ನಿಲಾ ಹಾಕಿದರು. ಇವರು ಆರಿಸಿದರು, ಅವರು ಹಾಕಿದರು. ಇಬ್ಬರು ಮಕ್ಕಳು ಒಂದು ಆಟಿಕೆಗೆ ಜಗ್ಗಾಡಿದ ಹಾಗಾಯಿತು. ಬುದ್ಧ ಮಾತ್ರ ಎಂದಿನಂತೆ ಕಣ್ಣು ಅರೆಮುಚ್ಚಿ ಕೂತಿದ್ದ. ಕೊನೆಗೆ ನಿಲಾ ಬೇಸತ್ತು ತಿರುಗಿ ನೋಡಿದರು. ನೋಡುತ್ತಿದ್ದಂತೆ ಸಯಾ ಆರಿಸಿದರು, ಹಚ್ಚಿದರು, ಆರಿಸಿದರು.

ನಿಲಾಗೆ ಅರ್ಥವಾಯಿತು. ಆಕೆ ನಿಂತಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡರು.

"ಹಾಗಾದ್ರೆ ನಾನೇ... ಇದೆಲ್ಲ ನಾನೇ ಮಾಡಿದ್ದಾ?"

ಸಯಾ ಗಡಬಡಿಸಿ ಕೆಳಗಿಳಿದರು. "ಏ, ಅಳ್ತೀಯಲ್ಲ ಯಾಕೆ? ವೈರು ವೈರು ಸೇರಿದ್ದಕ್ಕೆ ಹೀಗಾಗಿದೆ, ಅಷ್ಟೇ. ನೀನೇನು ಬೇಕಂತ ಮಾಡಿದ್ಯಾ?"

"ಬೇಕಂತಲೇ ಮಾಡಿದ್ದು!" ನಿಲಾ ಬಿಕ್ಕುತ್ತಾ ಹೇಳಿದರು. "ನೀವು ಕೂತಾಗಲೆಲ್ಲ ಬೇಕಂತಲೇ ಹಚ್ಚಿದ್ದು. ನಿಮ್ಮ ಕಣ್ಣಿಗೋಸ್ಕರ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಅತ್ತೆ ಕಣ್ಣು ಹೋಗಿದ್ದು ನಾನು ನೋಡಿಲ್ವಾ? ಜಗುಲೀಲಿ ಒಂದು ಕಣ್ಣು ಮುಚ್ಕೊಂಡು ನಿಂತಿದ್ರಿ. ಮೀನನ್ನ ಬೆರಳಲ್ಲಿ ತಡಕಿ ತಡಕಿ ಉಂಡ್ರಿ. ನಾನು ಕೇಳಿದ್ರೆ ಮೈಮೇಲೆ ಬಿದ್ರಿ. ಮತ್ತೆ ನಾನು ಯಾರ ಹತ್ರ ಹೇಳ್ಕೋಬೇಕಿತ್ತು? ನಿಮಗೆ ಕಷ್ಟ ಆದಷ್ಟೂ ನಾನು ಹೆಚ್ಚು ಹೊತ್ತು ಹಚ್ತಿದ್ದೆ. ಇವತ್ತು ಮನೇಲಿ ಇರಲ್ವಲ್ಲ ಅಂತ ಹಚ್ಚಿಟ್ಟೇ ಹೋಗಿದ್ದೆ." ಮೂಗು ಒರೆಸಿಕೊಂಡರು. "ನಾನು ಬೇಡಿಕೊಂಡಷ್ಟೂ ನಿಮಗೆ ಜಾಸ್ತಿ ಆಗ್ತಿತ್ತು."

ಸಯಾ ನೆಲದ ಮೇಲೆ ಹೆಂಡತಿಯ ಎದುರು ಕೂತರು. ಹೇಳಬೇಕೆಂದುಕೊಂಡದ್ದು ಬೇರೆ, ಬಾಯಿಂದ ಬಂದದ್ದು ಬೇರೆ. "ನನಗೆ ಭಯ ಆಗಿತ್ತು ನಿಲಾ" ಎಂದರು. "ಅಮ್ಮನ ಹಾಗೆ ಆಗ್ತೀನಿ ಅಂತ. ನಿನ್ನ ಮುಖಾನ ಕೈಯಿಂದ ಮುಟ್ಟಿ ನೋಡೋ ಹಾಗಾಗುತ್ತೆ ಅಂತ. ಹೇಳೋಕೆ ಬಾಯೇ ಬರಲಿಲ್ಲ."

"ಹೇಳಿದ್ರೆ ನಾನೇನು ತಿಂದುಬಿಡ್ತಿದ್ನಾ?"

"ನಾಗ ಅಲ್ವಾ ನೀನು, ಹೇಳೋಕಾಗಲ್ಲ."

ನಿಲಾ ಅವರ ತೋಳಿಗೆ ಒಂದು ಗುದ್ದು ಕೊಟ್ಟರು, ನೋಯುವ ಹಾಗೆಯೇ. ಆಚೆ ಬೀದಿಯಲ್ಲಿ ಐಸು ಮಾರುವವನ ಗಂಟೆ ಹೋಯಿತು. ಸಯಾಗೆ ಈಗ ಹಗುರವಾಗಿತ್ತು, ಹಗುರವಾದ ಕೂಡಲೇ ಹಳೆಯ ಮೇಷ್ಟ್ರ ಬುದ್ಧಿ ಎದ್ದು ಕೂತಿತು. ತಪ್ಪು ಕಂಡರೆ ಕೆಂಪು ಗೆರೆ ಎಳೆಯದೆ ಇರಲಾಗದ ಬುದ್ಧಿ.

"ಅಂತೂ ಒಂದು ಸಾಬೀತಾಯ್ತು" ಎಂದರು ನಗುತ್ತಾ. "ನಿನ್ನ ಪ್ರಾರ್ಥನೆಯಿಂದ ನನಗೆ ಉಪಕಾರಕ್ಕಿಂತ ಉಪದ್ರವೇ ಜಾಸ್ತಿ. ಒಂದು ತಿಂಗಳು ಬೇಡಿಕೊಂಡೆ, ಒಂದು ತಿಂಗಳು ನಾನು ನರಳಿದೆ. ಇನ್ನು ಮೇಲೆ ನಾನು ಕೆಲಸಕ್ಕೆ ಕೂತಾಗ ದಯವಿಟ್ಟು ನನಗೋಸ್ಕರ ಏನೂ ಕೇಳ್ಕೋಬೇಡ ತಾಯಿ. ಫಲ ಉಲ್ಟಾ ಬರುತ್ತೆ."

ನಿಲಾ ತಲೆಯೆತ್ತಿದರು. ಕಣ್ಣು ಇನ್ನೂ ಒದ್ದೆಯಿತ್ತು, ಆದರೆ ಗಲ್ಲ ಮುಂದಕ್ಕೆ ಬಂದಿತ್ತು. ಸಿಪಿಯು ಡಬ್ಬಿ ಮೇಲಕ್ಕೇರಿದ ದಿನ ಇದ್ದದ್ದು ಇದೇ ಗಲ್ಲ.

"ಉಲ್ಟಾನಾ? ನಾನು ಏನು ಕೇಳ್ಕೋತಿದ್ದೆ ಅಂತ ಗೊತ್ತಾ ನಿಮಗೆ?"

"ಕಣ್ಣು ವಾಸಿಯಾಗಲಿ ಅಂತ."

"ಅಲ್ಲ. ವಾಸಿ ಮಾಡು ಅಂತ ನಾನು ಒಂದು ಸಲನೂ ಕೇಳಿಲ್ಲ." ನಿಲಾ ಪೀಠದ ಕಡೆ ಕೈ ಮುಗಿದು, ಮತ್ತೆ ಇವರತ್ತ ತಿರುಗಿದರು. "ಇವರ ಕಣ್ಣಿಗೆ ಏನೂ ಆಗಿರಬಾರದು. ಇದು ಆ ಡಬ್ಬೀದೇ ತಪ್ಪಾಗಿರಬೇಕು, ಬೇಕಾದ್ರೆ ನಂದೇ ತಪ್ಪಾಗಿರಲಿ, ಆದರೆ ಇವರ ಕಣ್ಣಿಂದಾಗಿರಬಾರದು. ಇಷ್ಟೇ ಕೇಳಿದ್ದು. ದಿನಾ ಇಷ್ಟೇ." ಸಯಾರ ಮುಖವನ್ನು ಎರಡೂ ಕೈಯಿಂದ ಹಿಡಿದು ಬೆಳಕಿಗೆ ತಿರುಗಿಸಿ, ಒಂದೊಂದೇ ಕಣ್ಣನ್ನು ನೋಡಿದರು. "ಈಗ ಹೇಳಿ. ನಿಮ್ಮ ಕಣ್ಣಿಗೆ ಏನಾದ್ರೂ ಆಗಿದೆಯಾ?"

ಊರಿನ ಅರ್ಧ ಜನರ ಉತ್ತರ ತಿದ್ದಿದ್ದ ಸಯಾ ಮ್ಯ ಮಾಂಗ್ ಬಾಯಿ ತೆರೆದರು. ತಿದ್ದಲು ಏನೂ ಸಿಗಲಿಲ್ಲ.

"ಇಲ್ಲ" ಎಂದರು.

"ಮತ್ತೆ?" ಎಂದರು ನಿಲಾ.